ಗಳಿಗೆಬಟ್ಟಲು

ಒಂದು ತಾಮ್ರದ ಬಟ್ಟಲು, ಅದರ ತಳದಲ್ಲಿ ಸೂಜಿಯ ಮೊನೆ ಹೊಗುವಷ್ಟೇ ಒಂದು ರಂಧ್ರ, ಅದನ್ನು ತೇಲಿಬಿಡುವುದಕ್ಕೆ ತಿಳಿನೀರು ತುಂಬಿದ ಒಂದು ಕೊಪ್ಪರಿಗೆ: ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಭರತಖಂಡದ ಜನ ತಮ್ಮ ಹಗಲನ್ನೂ ಇರುಳನ್ನೂ ಅಳೆದುಕೊಂಡದ್ದು ಇಷ್ಟೇ ಸಲಕರಣೆಯಿಂದ. ಬಟ್ಟಲನ್ನು ನೀರಿನ ಮೇಲೆ ಮೆಲ್ಲನೆ ಇಟ್ಟರೆ, ರಂಧ್ರದಿಂದ ನೀರು ಒಳಕ್ಕೆ ಜಿನುಗುತ್ತ ಜಿನುಗುತ್ತ, ಅಂಚು ನೀರಿನ ಮಟ್ಟಕ್ಕೆ ಬಂದೊಡನೆ ಅದು ತಟಕ್ಕನೆ ಮುಳುಗುವುದು. ಹಾಗೆ ಒಮ್ಮೆ ಮುಳುಗುವುದಕ್ಕೆ ಹಿಡಿಯುವ ಹೊತ್ತೇ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಒಂದು ಅಹೋರಾತ್ರದಲ್ಲಿ ಅದು ಸರಿಯಾಗಿ 60 ಸಲ ಮುಳುಗಿದರೆ ಯಂತ್ರ ಶುದ್ಧವೆಂದು ಸೂರ್ಯಸಿದ್ಧಾಂತ ಹೇಳುತ್ತದೆ. ಕೋಟೆಕೊತ್ತಲಗಳ ಇತಿಹಾಸವನ್ನೂ ಅರಸುಮನೆತನಗಳ ವಂಶಾವಳಿಯನ್ನೂ ಅಷ್ಟು ಶ್ರದ್ಧೆಯಿಂದ ಬರೆದಿಟ್ಟಿರುವ ನಾವು ಈ ಬಟ್ಟಲಿನ ಇತಿಹಾಸಕ್ಕೆ ಒಂದು ಪುಟವನ್ನೂ ಮೀಸಲಿಡಲಿಲ್ಲವಲ್ಲ ಎಂಬ ವ್ಯಥೆ ನನಗೆ ಬಹುಕಾಲದಿಂದ ಇದೆ. ಏಕೆಂದರೆ ಮನುಷ್ಯನ ಉಸಿರು, ಕವಿಯ ಅಕ್ಷರ, ಗಾಯಕನ ತಾಳ, ನಕ್ಷತ್ರಮಂಡಲದ ಪರಿಭ್ರಮಣ ಇವು ನಾಲ್ಕೂ ಒಂದೇ ಲೆಕ್ಕದ ಮೆಟ್ಟಿಲುಗಳಾಗಿ ನಿಂತಿದ್ದ ಒಂದು ಕಾಲವಿದ್ದಿತು; ಆ ಕಾಲವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಈ ಬಟ್ಟಲು.

ಆ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತಿ ನೋಡಬೇಕು. ದೀರ್ಘಸ್ವರವುಳ್ಳ ಒಂದು ಗುರ್ವಕ್ಷರವನ್ನು ಸಹಜವಾದ ವೇಗದಲ್ಲಿ ಉಚ್ಚರಿಸುವ ಕಾಲವೇ ಮೊದಲ ಮೆಟ್ಟಿಲು. ಅಂಥ ಹತ್ತು ಗುರ್ವಕ್ಷರಗಳಾದರೆ ಒಂದು ಪ್ರಾಣ, ಅಂದರೆ ಸ್ವಸ್ಥನಾದ ಮನುಷ್ಯ ಒಮ್ಮೆ ಉಸಿರನ್ನು ಸೆಳೆದು ಬಿಡುವ ಹೊತ್ತು. ಇಂದಿನ ಮಾನದಲ್ಲಿ ಅದು 4 ಸೆಕೆಂಡು. ಆರು ಪ್ರಾಣಗಳಿಗೆ ಒಂದು ವಿಗಳಿಗೆ. ಅದಕ್ಕೆ ಪಳವೆಂದೂ ಹೆಸರುಂಟು. ಅರವತ್ತು ವಿಗಳಿಗೆಗೆ ಒಂದು ಗಳಿಗೆ, ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆ ಗಳಿಗೆಗೆ ಒಂದು ಜಾವ, ಎಂಟು ಜಾವಕ್ಕೆ ಒಂದು ದಿನ. ಕಾಲವು ಮೂರ್ತವೆಂದೂ ಅಮೂರ್ತವೆಂದೂ ಎರಡು ಬಗೆಯಾಗಿದೆಯೆಂದು ವಿಭಾಗಿಸುವ ಸೂರ್ಯಸಿದ್ಧಾಂತಕಾರನು ಪ್ರಾಣದಿಂದ ಮೇಲಿನದೆಲ್ಲವನ್ನೂ ಮೂರ್ತವೆಂದು ಕರೆದು, ಅದಕ್ಕಿಂತ ಕಿರಿದಾದ ತ್ರುಟಿ ಮೊದಲಾದುವನ್ನು ಅಮೂರ್ತಕ್ಕೆ ಬಿಟ್ಟುಕೊಡುತ್ತಾನೆ. ಒಂದು ಉಸಿರಿಗಿಂತ ಸಣ್ಣದಾದ ಕಾಲವು ಬಾಳಿನ ವ್ಯವಹಾರಕ್ಕೆ ಒದಗತಕ್ಕದ್ದಲ್ಲವೆಂಬ ಈ ವಿವೇಕವನ್ನು ನೆನೆದಾಗಲೆಲ್ಲ ನನಗೆ ಆ ಹೆಸರರಿಯದ ಗ್ರಂಥಕಾರನ ಮೇಲೆ ಗೌರವ ಇಮ್ಮಡಿಯಾಗುತ್ತದೆ.

ಅಕ್ಷರದಿಂದ ಕಾಲವನ್ನು ಅಳೆಯುವುದು ಶಾಸ್ತ್ರದ ಒಂದು ಅಲಂಕಾರಮಾತ್ರವಾಗಿ ಉಳಿಯಲಿಲ್ಲ. ಒಂದೊಂದು ಪಾದಕ್ಕೆ ಹದಿನೈದರಂತೆ ಅರವತ್ತೂ ಅಕ್ಷರಗಳು ಗುರುವೇ ಆಗಿರುವ, ಕಾಮಕ್ರೀಡೆಯೆಂಬ ವೃತ್ತದ ಸಂಸ್ಕೃತ ಶ್ಲೋಕವೊಂದು ಜ್ಯೌತಿಷಿಕರ ಪರಂಪರೆಯಲ್ಲಿ ಉಳಿದುಬಂದಿದೆ. ಅದನ್ನು ಒಂದು ಸಲ ಹೇಳಿ ಮುಗಿಸಿದರೆ ಒಂದು ವಿಗಳಿಗೆ, ಅರವತ್ತು ಸಲ ಹೇಳಿದರೆ ಒಂದು ಗಳಿಗೆ. ನೀರೂ ಬಟ್ಟಲೂ ದೊರೆಯದ ಕಡೆ ವಿದ್ಯಾವಂತನ ನಾಲಗೆಯೇ ಯಂತ್ರವಾಗಬಲ್ಲದೆಂದು ನಂಬಿದ ಜನ ಅವರು. ಇದೇ ಲೆಕ್ಕವನ್ನು ನಮ್ಮ ಕನ್ನಡದ ಕಂದಪದ್ಯಕ್ಕೆ ಹೊಂದಿಸಿ ನೋಡುವುದು ನನಗೆ ಬಹಳ ಪ್ರಿಯವಾದ ಕೆಲಸ. ಕಂದಕ್ಕೆ 64 ಮಾತ್ರೆ. ಎಂದರೆ 32 ಗುರುಗಳ ಕಾಲ. ಗಳಿಗೆಗೆ 3,600 ಗುರುಗಳಾದ್ದರಿಂದ, ನಡುವೆ ನಿಲ್ಲದೆ ಶಾಸ್ತ್ರೋಕ್ತವಾದ ವೇಗದಲ್ಲಿ ಓದುವವನು ಒಂದು ಬಟ್ಟಲು ಮುಳುಗುವುದರೊಳಗೆ 112 ಕಂದಗಳನ್ನು ಮುಗಿಸಿ ಇನ್ನೊಂದರ ಅರ್ಧದಲ್ಲಿರುತ್ತಾನೆ. ಗಮಕಿಯಾದವನು ಅಷ್ಟು ಅವಸರದಿಂದ ಎಂದಿಗೂ ಓದುವುದಿಲ್ಲ, ಓದಲೂ ಕೂಡದು. ಆದರೂ ಹತ್ತನೆಯ ಶತಮಾನದ ಕೊನೆಯಲ್ಲಿ ಛಂದೋಂಬುಧಿಯನ್ನು ರಚಿಸಿದ ನಾಗವರ್ಮನು ವಿವರಿಸಿದ ಗುರುಲಘುಗಳೂ, ಜೋಯಿಸನು ಮಗುವಿನ ಜನನಕಾಲವನ್ನು ನಿರ್ಣಯಿಸುವುದಕ್ಕೆ ಬಳಸುತ್ತಿದ್ದ ಪ್ರಾಣ ವಿಗಳಿಗೆಗಳೂ ಒಂದೇ ಮನೆಯ ಮಕ್ಕಳೆಂಬುದು ಇದರಿಂದ ವಿಶದವಾಗುತ್ತದೆ.

ಸಂಗೀತವೂ ಅದೇ ಮನೆಯದು. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು, ತಾಳದ ಮಾತ್ರೆಯೆಂದರೆ ಐದು ಲಘ್ವಕ್ಷರಗಳನ್ನು ಉಚ್ಚರಿಸುವ ಕಾಲವೆಂದು ನಿರೂಪಿಸಿದ್ದಾನೆ. ಹತ್ತು ಗುರು ಒಂದು ಪ್ರಾಣವಾದರೆ ಇಪ್ಪತ್ತು ಲಘು ಒಂದು ಪ್ರಾಣ. ಆದುದರಿಂದ ತಾಳದ ನಾಲ್ಕು ಮಾತ್ರೆಗಳಿಗೆ ಒಂದು ಉಸಿರು. ಇಂದಿಗೂ ಸಂಗೀತಾಭ್ಯಾಸಕ್ಕೆ ಕುಳಿತ ಹುಡುಗಿ ತೊಡೆಯ ಮೇಲೆ ಕೈ ತಟ್ಟಿ ಬೆರಳೆಣಿಸುತ್ತ ಅಕ್ಷರಕಾಲವನ್ನು ಹಿಡಿಯುವಾಗ, ಪಂಚಾಂಗದ ಗಣಿತವನ್ನೇ ಬೇರೊಂದು ದಾರಿಯಿಂದ ಅಭ್ಯಸಿಸುತ್ತಿರುವಳೆಂದು ನಾನು ಭಾವಿಸುತ್ತೇನೆ.

ಇನ್ನು ಆಕಾಶದ ಮಾತು. ಗಳಿಗೆಗೆ 360 ಪ್ರಾಣ, ದಿನಕ್ಕೆ ಅರವತ್ತು ಗಳಿಗೆ. ಒಟ್ಟು 21,600 ಪ್ರಾಣಗಳು. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ. ಒಟ್ಟು 21,600 ಕಲೆಗಳು. ಎರಡು ಸಂಖ್ಯೆಗಳೂ ಒಂದೇ ಆಗಿರುವುದು ಕಾಕತಾಳೀಯವಲ್ಲ, ಹಾಗಾಗಲೆಂದೇ ಮಾಡಿದ ವಿಭಾಗ. 499ರಲ್ಲಿ, ಇಪ್ಪತ್ತಮೂರು ವರ್ಷದ ತರುಣನಾಗಿದ್ದ ಆರ್ಯಭಟನು, ಒಂದು ಪ್ರಾಣಕಾಲದಲ್ಲಿ ಭೂಮಿಯು ಒಂದು ಕಲೆಯಷ್ಟು ತಿರುಗುತ್ತದೆಂದು ಸಾರಿದನು. ನಕ್ಷತ್ರಗಳು ಪಶ್ಚಿಮಕ್ಕೆ ಓಡುತ್ತಿರುವಂತೆ ಕಾಣುವುದು ಭೂಮಿಯು ಪೂರ್ವಕ್ಕೆ ತಿರುಗುತ್ತಿರುವುದರಿಂದ ಎಂಬುದು ಅವನ ದೃಢವಾದ ಮತ. 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಭೂಮಿಯು 158,22,37,500 ಸಲ ಆವರ್ತಿಸುವುದೆಂದು ಅವನು ಕೊಟ್ಟ ಸಂಖ್ಯೆಯನ್ನು ಭಾಗಿಸಿದರೆ ನಾಕ್ಷತ್ರದಿನದ ಪ್ರಮಾಣವು 23 ಗಂಟೆ 56 ನಿಮಿಷ 4 ಸೆಕೆಂಡುಗಳೆಂದು ದೊರೆಯುತ್ತದೆ. ಇಂದಿನ ವೀಕ್ಷಣಾಲಯಗಳ ಮಾನವೂ ಅದೇ. 628ರಲ್ಲಿ ಬ್ರಹ್ಮಗುಪ್ತನು ಈ ಮತವನ್ನು ಕಟುವಾಗಿ ಖಂಡಿಸಿ, ಪ್ರಾಣಕ್ಕೊಂದು ಕಲೆ ಭೂಮಿ ತಿರುಗುವುದಾದರೆ ಎತ್ತರದಲ್ಲಿರುವ ವಸ್ತುಗಳು ಏಕೆ ಬೀಳುವುದಿಲ್ಲವೆಂದು ಪ್ರಶ್ನಿಸಿದನು. ಆ ವಿವಾದದಲ್ಲಿ ನಮ್ಮ ದೇಶದ ಬಹುಮತ ಬ್ರಹ್ಮಗುಪ್ತನ ಕಡೆಗೆ ವಾಲಿತೆಂಬುದು ನಮ್ಮ ವಿದ್ಯಾಚರಿತ್ರೆಯ ದುಃಖದ ಅಧ್ಯಾಯಗಳಲ್ಲೊಂದು. ಆದರೆ ಇಬ್ಬರೂ ಒಪ್ಪಿದ್ದ ಅಳತೆ ಒಂದೇ: ಒಂದು ಉಸಿರಿಗೆ ಆಕಾಶದಲ್ಲಿ ಒಂದು ಕಲೆ. ಯೋಗಶಾಸ್ತ್ರದವರು ಮನುಷ್ಯನು ದಿನಕ್ಕೆ 21,600 ಸಲ ಉಸಿರಾಡುತ್ತಾನೆ, ಪ್ರತಿಯೊಂದು ಉಸಿರೂ ತಾನಾಗಿ ನಡೆಯುವ ಹಂಸಮಂತ್ರದ ಜಪ ಎಂದರಲ್ಲವೆ? ನಿಮಿಷಕ್ಕೆ 15 ಉಸಿರು ಎಂಬ ಆ ಲೆಕ್ಕವನ್ನು ಇಂದಿನ ವೈದ್ಯರೂ ಅಸಂಗತವೆನ್ನಲಾರರು.

ಬಟ್ಟಲನ್ನು ಮಾಡುವ ಬಗೆಯಲ್ಲಿ ಶಾಸ್ತ್ರಕಾರರಿಗೆ ಭಿನ್ನಾಭಿಪ್ರಾಯವಿದ್ದಿತು. ಹತ್ತು ಪಲ ತೂಕದ ತಾಮ್ರ, ಆರು ಅಂಗುಲ ಎತ್ತರ, ಹನ್ನೆರಡು ಅಂಗುಲ ಅಗಲ, ನಾಲ್ಕಂಗುಲ ಉದ್ದದ ಚಿನ್ನದ ಕಡ್ಡಿ ತೂರುವಷ್ಟು ರಂಧ್ರ ಎಂದು ಕೆಲವರು ವಿಧಿಸಿದರು. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಮುಗಿಸಿದ ಭಾಸ್ಕರಾಚಾರ್ಯನು ಈ ವಿಧಿಗೆ ಸೊಪ್ಪುಹಾಕಲಿಲ್ಲ. ಇದು ಯುಕ್ತಿಶೂನ್ಯ, ಮಾಡುವುದಕ್ಕೂ ಕಷ್ಟ. ಯಾವುದಾದರೊಂದು ಬಟ್ಟಲನ್ನು ಅಹೋರಾತ್ರವೆಲ್ಲ ಮುಳುಗಿಸಿ ಎಣಿಸಿ, ಬಂದ ಸಂಖ್ಯೆಯಿಂದ ತ್ರೈರಾಶಿಕ ಮಾಡಿಕೊಂಡರೆ ಸಾಕೆಂಬುದು ಅವನ ನಿಲುವು. ನೀರಿನ ಶೈತ್ಯೋಷ್ಣಗಳಿಂದಲೂ ರಂಧ್ರದಲ್ಲಿ ಸಿಕ್ಕುವ ಕಸದಿಂದಲೂ ಬಟ್ಟಲಿನ ವೇಗ ಹೆಚ್ಚುಕಡಿಮೆಯಾಗುವುದರಿಂದ, ಗ್ರಂಥದ ಪ್ರಮಾಣಕ್ಕಿಂತ ಪ್ರಯೋಗದ ಪ್ರಮಾಣವೇ ಮೇಲೆಂದು ತಿಳಿದಿದ್ದ ಆ ಮಹಾಗಣಿತಜ್ಞನ ಊರನ್ನು ಕೆಲವು ವಿದ್ವಾಂಸರು ನಮ್ಮ ವಿಜಾಪುರವೆಂದೂ ಮತ್ತೆ ಕೆಲವರು ಖಾನದೇಶದ ಪಾಟಣದ ಸಮೀಪವೆಂದೂ ಊಹಿಸಿದ್ದಾರೆ. ಅವನ ಮಗಳು ಲೀಲಾವತಿ ಮದುವೆಯ ದಿನ ಗಳಿಗೆಬಟ್ಟಲಿಗೆ ಬಾಗಿ ನೋಡುತ್ತಿರುವಾಗ ಒಡವೆಯ ಮುತ್ತೊಂದು ಬಿದ್ದು ರಂಧ್ರವನ್ನು ಮುಚ್ಚಿ, ಮುಹೂರ್ತ ತಪ್ಪಿತೆಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ಕಾಣಿಸಿಕೊಳ್ಳುವುದು ಅಕ್ಬರನ ಅಪ್ಪಣೆಯಂತೆ 1587ರಲ್ಲಿ ಫೈಜಿಯು ಭಾಸ್ಕರನ ಲೀಲಾವತಿಯೆಂಬ ಗಣಿತಗ್ರಂಥಕ್ಕೆ ಮಾಡಿದ ಪಾರಸೀ ಅನುವಾದದಲ್ಲಿ. ಭಾಸ್ಕರನ ಕಾಲಕ್ಕಿಂತ ನಾಲ್ಕು ಶತಮಾನಗಳಿಗೂ ಮಿಕ್ಕು ಈಚೆಗೆ. ಚರಿತ್ರೆಯಾಗಿ ಅದನ್ನು ನಂಬಲು ಆಧಾರವಿಲ್ಲ. ಆದರೆ ಕನ್ಯೆಯ ಬಾಳು ಒಂದು ಸೂಜಿರಂಧ್ರವನ್ನು ಆಶ್ರಯಿಸಿದ್ದ ಕಾಲದ ಭಯವನ್ನು ಆ ಕಥೆಗಿಂತ ನಿಜವಾಗಿ ತಿಳಿಸುವ ದಾಖಲೆ ಬೇರೊಂದಿಲ್ಲ.

ಬಟ್ಟಲನ್ನು ನೋಡಿಕೊಳ್ಳುವುದೇ ಒಂದು ಕಸಬಾಗಿದ್ದಿತು. ಕೌಟಿಲ್ಯನ ಕಾಲದ ನಾಳಿಕೆಯು ಮುಳುಗುವ ಬಟ್ಟಲಾಗಿರಲಿಲ್ಲ, ನೀರು ಹೊರಕ್ಕೆ ಸೋರಿಹೋಗುವ ಕೊಡ; ಅದರಿಂದ ಅರಸನ ಹಗಲನ್ನು ಎಂಟು ಪಾಲಾಗಿಯೂ ಇರುಳನ್ನು ಎಂಟು ಪಾಲಾಗಿಯೂ ಹಂಚಬೇಕೆಂದು ಅರ್ಥಶಾಸ್ತ್ರ ವಿಧಿಸುತ್ತದೆ. ಇರುಳಿನ ಮೂರನೆಯ ಪಾಲಿನಲ್ಲಿ ಅರಸನು ವಾದ್ಯಘೋಷದೊಡನೆ ಮಲಗಬೇಕು, ಆರನೆಯದರಲ್ಲಿ ವಾದ್ಯಘೋಷದಿಂದಲೇ ಏಳಬೇಕು. ಕಾಲವನ್ನು ತಿಳಿಸುವುದಕ್ಕೆ ಸಂಗೀತವೇ ವಾಹನವಾದದ್ದು ಅಷ್ಟು ಪ್ರಾಚೀನ. ಏಳನೆಯ ಶತಮಾನದ ಕೊನೆಗೆ ನಾಲಂದದಲ್ಲಿ ಓದಿದ ಚೀನದ ಭಿಕ್ಷು ಇ-ತ್ಸಿಂಗನು ಅಲ್ಲಿಯ ಜಲಯಂತ್ರಗಳನ್ನು ವಿವರಿಸಿ, ಅವು ಅರಸರು ತಲೆತಲಾಂತರದಿಂದ ದತ್ತಿಯಾಗಿ ಕೊಟ್ಟವೆಂದೂ, ಅವನ್ನು ನೋಡಿಕೊಂಡು ಹೊತ್ತನ್ನು ಸಾರುವುದಕ್ಕೆ ಹುಡುಗರನ್ನು ನೇಮಿಸಿದ್ದರೆಂದೂ ಬರೆದಿದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿಯೂ ಇಂಥ ಯಂತ್ರಗಳಿಗೆ ಪುಣ್ಯಾರ್ಥವಾಗಿ ಬಿಟ್ಟ ಆದಾಯವನ್ನು ಪ್ರಸ್ತಾಪಿಸುತ್ತಾನೆ. ಕೆರೆ ಕಟ್ಟಿಸಿದಂತೆ, ಅರವಟ್ಟಿಗೆ ಇಡಿಸಿದಂತೆ, ಊರಿಗೆ ಹೊತ್ತನ್ನು ದಾನಮಾಡುವುದೂ ಧರ್ಮವೆನಿಸಿದ್ದಿತು.

ಈ ಕಸಬಿನ ವಿಷಯದಲ್ಲಿ ಅತ್ಯಂತ ಸ್ನೇಹದಿಂದ ಬರೆದವನು ಬಾಬರ್. ಫರ್ಗಾನದಿಂದ ಬಂದ ಆ ದೊರೆ ಹಿಂದೂಸ್ಥಾನದಲ್ಲಿ ಮೆಚ್ಚದ ಸಂಗತಿಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದರೂ, ಇಲ್ಲಿಯ ಪಟ್ಟಣಗಳಲ್ಲಿ ಗಡಿಯಾಲಿಗಳೆಂಬವರು ಎರಡು ಬೆರಳು ದಪ್ಪದ ಹಿತ್ತಾಳೆಯ ಜಾಗಟೆಯನ್ನು ಎತ್ತರದಲ್ಲಿ ತೂಗುಹಾಕಿ, ಬಟ್ಟಲು ಮುಳುಗಿದ ಹಾಗೆಲ್ಲ ಮರದ ಕೊಡತಿಯಿಂದ ಬಾರಿಸುವುದನ್ನು ಕುತೂಹಲದಿಂದ ಗಮನಿಸಿದನು. ಜಾವದ ಒಂದನೆಯ ಗಳಿಗೆಗೆ ಒಂದು ಪೆಟ್ಟು, ಎರಡನೆಯದಕ್ಕೆ ಎರಡು. ಆದರೆ ನಡುರಾತ್ರಿ ನಿದ್ದೆಯಿಂದ ಎಚ್ಚತ್ತವನಿಗೆ ಮೂರು ಪೆಟ್ಟು ಕೇಳಿಸಿದರೆ, ಅದು ಎರಡನೆಯ ಜಾವದ ಮೂರೋ ಮೂರನೆಯ ಜಾವದ ಮೂರೋ ತಿಳಿಯುವಂತಿರಲಿಲ್ಲ. ಗಳಿಗೆಯ ಪೆಟ್ಟುಗಳ ತರುವಾಯ ತುಸು ಬಿಡುವು ಕೊಟ್ಟು ಜಾವದ ಸಂಖ್ಯೆಯನ್ನೂ ಬಾರಿಸತಕ್ಕದ್ದೆಂದು ಬಾಬರ್ ಆಜ್ಞೆ ಮಾಡಿದನು. ರಾಜ್ಯಗಳನ್ನು ಗೆಲ್ಲುವ ಗದ್ದಲದ ನಡುವೆ, ಕತ್ತಲಲ್ಲಿ ಕಣ್ಣು ತೆರೆದು ಮಲಗಿರುವ ಸಾಮಾನ್ಯನ ತೊಡಕನ್ನು ಯೋಚಿಸಿದ ಆ ಆಜ್ಞೆಯನ್ನು ಓದಿದಾಗ, ಅವನ ಯುದ್ಧಗಳ ವರ್ಣನೆಯಲ್ಲಿ ಹುಟ್ಟದ ಪ್ರೀತಿ ಅವನ ಮೇಲೆ ಹುಟ್ಟುತ್ತದೆ.

ಕನ್ನಡನಾಡಿನಲ್ಲಿ ಆಕಾಶವು ನಿತ್ಯಜೀವನದೊಳಕ್ಕೆ ಇಳಿದುಬಂದ ದಾರಿಗಳು ಹಲವು. ನಮ್ಮ ದಾನಶಾಸನಗಳನ್ನು ನೋಡಿದರೆ, ಉತ್ತರಾಯಣ ಸಂಕ್ರಾಂತಿ, ಸೂರ್ಯಗ್ರಹಣ, ಸೋಮಗ್ರಹಣ, ವ್ಯತೀಪಾತ ಎಂದು ತೊಡಗಿ, ಶಕವರ್ಷ ಸಂವತ್ಸರ ಮಾಸ ತಿಥಿ ವಾರಗಳನ್ನು ಸಾಕ್ಷಿಯಾಗಿ ನಿಲ್ಲಿಸಿ, ಧಾರಾಪೂರ್ವಕವಾಗಿ ಕೊಟ್ಟ ಭೂಮಿಯು ಆಚಂದ್ರಾರ್ಕವಾಗಿ ನಡೆಯಲೆಂದು ಹರಸುತ್ತವೆ. ಕಲ್ಲಿನ ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿರುತ್ತದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ನರಗುಂದದ ಶ್ರೀಧರಾಚಾರ್ಯನು ಜಾತಕತಿಲಕವನ್ನು ಬರೆದು, ಜ್ಯೋತಿಷವನ್ನು ಕನ್ನಡದಲ್ಲಿ ಹೇಳುವ ಪರಂಪರೆಗೆ ನಾಂದಿ ಹಾಡಿದನು. ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು ಶಕ 1051ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಗೀತ ವಾದ್ಯ ನೃತ್ಯ ಚಿತ್ರ ಭೋಜನಗಳ ಜೊತೆಗೆ ಗ್ರಹಗಣಿತಕ್ಕೂ ಸ್ಥಾನವುಂಟು. ಆ ಗಣಿತಕ್ಕೆ ಅವನು ಹಿಡಿದ ಆರಂಭವರ್ಷದಿಂದಲೇ ಗ್ರಂಥದ ಕಾಲ ನಮಗೆ ತಿಳಿದುಬಂದಿರುವುದು. ಶೃಂಗೇರಿಯಲ್ಲಿ ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಸ್ತಂಭಗಳನ್ನು ನೋಡಿದವರಿಗೆ, ಶಿಲ್ಪಿಯೂ ಜೋಯಿಸನೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡಿರಬೇಕೆಂದು ತೋರದೆ ಇರದು.

ಆದರೆ ಬಟ್ಟಲು ಎಲ್ಲರ ಮನೆಗೂ ಬಂದದ್ದು ಮದುವೆಯ ದಿನ. ಸೂರ್ಯಬಿಂಬದ ಅರ್ಧ ಮೂಡಿದ ಕ್ಷಣವನ್ನು ನೋಡಿಕೊಂಡು, ಗಂಧಾಕ್ಷತೆಗಳಿಂದ ಪೂಜಿಸಿದ ಬಟ್ಟಲನ್ನು ಪುರೋಹಿತರು ನೀರಿಗೆ ಇಳಿಸುತ್ತಿದ್ದರು. ಅಲ್ಲಿಂದ ಎಣಿಕೆ ಮೊದಲು. ಲಗ್ನಪತ್ರಿಕೆಯಲ್ಲಿ ಸೂರ್ಯೋದಯಾದಿ ಇಷ್ಟು ಗಳಿಗೆ, ಇಷ್ಟು ವಿಗಳಿಗೆ ಎಂದು ಬರೆದಿದ್ದರೆ, ಅದು ಆ ಊರಿನ ಸೂರ್ಯೋದಯ, ಆ ಅಂಗಳದಿಂದ ಕಂಡ ಸೂರ್ಯ. ನಮ್ಮ ಅಕ್ಷಾಂಶದಲ್ಲಿ ಹಗಲಿರುಳುಗಳ ಹೆಚ್ಚುಕಡಿಮೆ ಅಲ್ಪ. ಮೈಸೂರಿನಲ್ಲಿ ವರ್ಷದ ಅತ್ಯಂತ ಕಿರಿಯ ಹಗಲು ಸುಮಾರು ಇಪ್ಪತ್ತೆಂಟೂವರೆ ಗಳಿಗೆ, ಅತ್ಯಂತ ಹಿರಿಯದು ಸುಮಾರು ಮೂವತ್ತೆರಡು. ಆದುದರಿಂದ ಗಳಿಗೆಯ ಎಣಿಕೆಯೂ, ಹಗಲನ್ನೂ ಇರುಳನ್ನೂ ನಾಲ್ಕು ನಾಲ್ಕಾಗಿ ಹಂಚುವ ಜಾವದ ಎಣಿಕೆಯೂ ಇಲ್ಲಿ ಬಹುಮಟ್ಟಿಗೆ ಹೊಂದಿಕೊಂಡೇ ನಡೆದುವು.

ಜಾವಕ್ಕೊಂದು ರಾಗವೆಂಬ ಸಂಪ್ರದಾಯದ ಬೆಲೆ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಹಿಂದೂಸ್ಥಾನಿ ಪದ್ಧತಿಯಲ್ಲಿ ಹಗಲು ಇರುಳುಗಳು ಸಂಧಿಸುವ ಹೊತ್ತಿಗೆ ಹಾಡತಕ್ಕ ಭೈರವ, ಪೂರ್ವಿ, ಮಾರವಾ ಮೊದಲಾದ ರಾಗಗಳಿಗೆ ಸಂಧಿಪ್ರಕಾಶವೆಂಬ ಹೆಸರು. ಕೋಮಲ ರಿಷಭವೂ ಶುದ್ಧ ಗಾಂಧಾರವೂ ಅವುಗಳ ಸಾಮಾನ್ಯ ಲಕ್ಷಣವೆಂದು ಸಂಗೀತಶಾಸ್ತ್ರಜ್ಞರಾದ ಭಾತಖಂಡೆಯವರು ನಿರೂಪಿಸಿದರು. ಹರಿದಾಸರ ಉದಯರಾಗಗಳೂ ನಮ್ಮಲ್ಲಿ ಬೆಳಗಿಗೆ ಮೀಸಲು. ರಾಗಕ್ಕೂ ಹೊತ್ತಿಗೂ ಇರುವ ನಂಟು ನಾದದ ಸ್ವಭಾವದಲ್ಲೇ ಇದೆಯೋ ಅಥವಾ ಕೇಳಿ ಕೇಳಿ ನಮ್ಮ ಕಿವಿಯಲ್ಲಿ ನೆಲೆಸಿತೋ ಎಂಬ ಚರ್ಚೆ ಹಳೆಯದು. ನನ್ನ ಮಟ್ಟಿಗೆ, ಮುಂಜಾವದ ಭೈರವವನ್ನು ಉರಿಬಿಸಿಲಿನಲ್ಲಿ ಕೇಳಲು ಮನಸ್ಸೊಪ್ಪದು. ಈ ನಂಟನ್ನು ಸಡಿಲಿಸಿದ್ದು ಧ್ವನಿಮುದ್ರಿಕೆ. 1902ರ ನವಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನಿನವರು ಮುದ್ರಿಸಿಕೊಂಡಾಗ, ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ, ಎಂದರೆ ಏಳೂವರೆ ವಿಗಳಿಗೆ. ಜಾವವನ್ನೆಲ್ಲ ವ್ಯಾಪಿಸಬಲ್ಲ ರಾಗವನ್ನು ಅಷ್ಟರಲ್ಲಿ ಅಡಗಿಸಿಕೊಟ್ಟ ಆ ಮಹಾಗಾಯಕಿಯ ಪ್ರತಿಭೆಗೆ ನಮಿಸಲೇಬೇಕು. ಆಕೆ ತನ್ನ ಕೊನೆಯ ದಿನಗಳನ್ನು ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಆಕೆ ತೀರಿಕೊಂಡದ್ದೂ ಮೈಸೂರಿನಲ್ಲೇ. ಆದರೆ ಆಕೆಯ ತಟ್ಟೆಯಲ್ಲಿ ಸೇರಿದ ರಾಗವನ್ನು ಯಾವ ಜಾವದಲ್ಲಾದರೂ ಹಾಡಿಸಬಹುದಾಯಿತು.

ಅಷ್ಟು ಹೊತ್ತಿಗೆ ಊರಿನ ಕಾಲವೂ ಕೈಬಿಟ್ಟಿದ್ದಿತು. ಮದರಾಸಿನ ವೀಕ್ಷಣಾಲಯದಲ್ಲಿ 1802ರಲ್ಲಿ ಖಗೋಳಜ್ಞ ಗೋಲ್ಡಿಂಗ್‌ಹ್ಯಾಂ ನೆಲೆಗೊಳಿಸಿದ ಮದರಾಸು ಕಾಲವನ್ನು ರೈಲುದಾರಿಗಳು ಅಂಗೀಕರಿಸಿದುವು. 1906ರ ಜನವರಿ 1ರಿಂದ, ಪೂರ್ವರೇಖಾಂಶ ಎಂಬತ್ತೆರಡೂವರೆಯನ್ನು ಆಧರಿಸಿದ ಭಾರತೀಯ ಪ್ರಮಾಣಕಾಲ ಜಾರಿಗೆ ಬಂದಿತು. ರೈಲುಗಳು ಡಿಕ್ಕಿಯಾಗದೆ ಓಡಬೇಕಾದರೆ, ತಂತಿಯ ಸುದ್ದಿಗೆ ಅರ್ಥವಿರಬೇಕಾದರೆ, ಇದು ಅನಿವಾರ್ಯವಾಗಿದ್ದಿತೆಂಬುದನ್ನು ಯಾವ ವಿವೇಕಿಯೂ ಅಲ್ಲಗಳೆಯನು. ಆದರೆ ಅದರ ಪರಿಣಾಮವನ್ನು ನಮ್ಮ ಊರುಗಳ ಮಟ್ಟಿಗೆ ಲೆಕ್ಕ ಹಾಕಿ ನೋಡುವುದುಚಿತ. ಒಂದು ಅಂಶ ರೇಖಾಂಶಕ್ಕೆ ನಾಲ್ಕು ನಿಮಿಷ. ಮೈಸೂರಿನಲ್ಲಿ ಸೂರ್ಯನು ನೆತ್ತಿಗೆ ಬರುವಾಗ, ವರ್ಷದ ಸರಾಸರಿಯಲ್ಲಿ, ಗಡಿಯಾರದಲ್ಲಿ ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷ. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಪೂರ್ಣ ಗಳಿಗೆ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯ ರಜತಮಹೋತ್ಸವದ ನೆನಪಿಗೆ ಅರಮನೆಯ ನೌಕರರು ಎತ್ತಿಸಿದ, ಕನ್ನಡ ಅಂಕಿಗಳನ್ನು ಧರಿಸಿ ಇಂದಿಗೂ ಕಣ್ಣು ತುಂಬುವಂತೆ ನಿಂತಿರುವ ದೊಡ್ಡ ಗಡಿಯಾರವು ಮಧ್ಯಾಹ್ನ ಹನ್ನೆರಡನ್ನು ತೋರಿಸುವಾಗ, ಚಾಮುಂಡಿಬೆಟ್ಟದ ಮೇಲಣ ಸೂರ್ಯನಿಗೆ ಮಧ್ಯಾಹ್ನವಾಗಲು ಇನ್ನೂ ಒಂದು ಬಟ್ಟಲು ಮುಳುಗಬೇಕು.

ಸ್ವಾತಂತ್ರ್ಯ ಬಂದ ಮೇಲೆ, ಮೇಘನಾದ ಸಾಹಾರವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ತಿಥಿಗಳ ಗಣನೆಗೂ ದೇಶಕ್ಕೆಲ್ಲ ಒಂದೇ ಕೇಂದ್ರಸ್ಥಾನವನ್ನು ಕಲ್ಪಿಸಿತು. 1957ರ ಮಾರ್ಚಿ 22ರಂದು, ಶಕ 1879ರ ಚೈತ್ರ 1ಕ್ಕೆ, ರಾಷ್ಟ್ರೀಯ ಪಂಚಾಂಗ ಬಳಕೆಗೆ ಬಂದಿತು. ಅದರಿಂದ ಪಂಚಾಂಗಕರ್ತರ ಮತಭೇದಗಳು ಮುಗಿದುವೆಂದಲ್ಲ. ನಮ್ಮ ಕಡೆಯ ಪಂಚಾಂಗಗಳಲ್ಲಿ ತಿಥಿ ನಕ್ಷತ್ರಗಳ ಮುಂದೆ ಗಳಿಗೆ ವಿಗಳಿಗೆಗಳ ಅಂಕಿಗಳನ್ನು ಗಂಟೆ ನಿಮಿಷಗಳ ಪಕ್ಕದಲ್ಲಿ ಈಗಲೂ ಕಾಣಬಹುದು. ಹಾಗೆ ಎರಡನ್ನೂ ಅಚ್ಚುಹಾಕುವುದು ಪುನರುಕ್ತಿಯೆಂದು ಹೇಳುವವರಿದ್ದಾರೆ; ನಾನು ಒಪ್ಪುವುದಿಲ್ಲ. ಗಂಟೆ ನಿಮಿಷವು ಇಡೀ ದೇಶಕ್ಕೆ ಒಂದೇ. ಉದಯಾದಿ ಗಳಿಗೆ ಊರೂರಿಗೆ ಬೇರೆ. ಕಾರವಾರಕ್ಕೂ ಕೋಲಾರಕ್ಕೂ ರೇಖಾಂಶದಲ್ಲಿ ನಾಲ್ಕು ಅಂಶಗಳ ಅಂತರ. ಆ ಲೆಕ್ಕಕ್ಕೆ ಹದಿನಾರು ನಿಮಿಷ, ನಲವತ್ತು ವಿಗಳಿಗೆ. ಪಂಚಾಂಗವನ್ನು ತೆರೆದು ಮಗಳ ಮದುವೆಗೆ ಹೊತ್ತು ಗೊತ್ತುಮಾಡುವ ಕೋಲಾರದ ಗೃಹಸ್ಥನೂ ಕಾರವಾರದ ಗೃಹಸ್ಥನೂ ಅದರ ಗಣನೆಯ ಊರಿಗೂ ತಮ್ಮ ಊರಿಗೂ ಇರುವ ಅಂತರವನ್ನು ಕೂಡಿ ಕಳೆದು ತಮ್ಮ ತಮ್ಮ ಊರಿನ ಸೂರ್ಯೋದಯಕ್ಕೆ ಸರಿಪಡಿಸಿಕೊಳ್ಳಬೇಕು. ಬಲ್ಲ ಪುರೋಹಿತರು ಇಂದಿಗೂ ಹಾಗೆಯೇ ಮಾಡುತ್ತಾರೆ.